ಸ್ಕಿಜೋಫ್ರೇನಿಯಾ: ಮಾಟವಲ್ಲ, ಮದ್ದಿರುವ ಕಾಯಿಲೆ

ಗಡಿನಾಡಿನ ಹಳ್ಳಿಗಳಲ್ಲಿ ಈ ಕಾಯಿಲೆಗೆ ಹೆಸರು ಹಲವು. ಕನ್ನಡದಲ್ಲಿ ಹುಚ್ಚು, ಮರುಳು. ಮಲಯಾಳದಲ್ಲಿ ಭ್ರಾಂತ್, ತಮಿಳಿನಲ್ಲಿ ಪೈತ್ಯಂ, ತೆಲುಗಿನಲ್ಲಿ ಪಿಚ್ಚಿ, ಮರಾಠಿಯಲ್ಲಿ ವೇಡ. ಗಾಳಿ ಸೋಕಿದೆ, ಯಾರೋ ಮದ್ದು ಹಾಕಿದ್ದಾರೆ, ಬಾನಾಮತಿ ಮಾಡಿಸಿದ್ದಾರೆ ಎಂಬ ಮಾತುಗಳೂ ಉಂಟು. ಜನ ಹೀಗೆಲ್ಲ ಕರೆಯುವ ತೊಂದರೆಗಳ ಹಿಂದೆ ಹಲವು ಬಾರಿ ಅಡಗಿರುವುದು ಸ್ಕಿಜೋಫ್ರೇನಿಯಾ ಎಂಬ ಮಿದುಳಿನ ಕಾಯಿಲೆ. ಸಕ್ಕರೆ ಕಾಯಿಲೆ, ರಕ್ತದೊತ್ತಡಗಳಂತೆ ಇದಕ್ಕೂ ಮಾತ್ರೆ ಇದೆ. ಬೇಗ ಗುರುತಿಸಿ ಚಿಕಿತ್ಸೆ ಕೊಡಿಸಿದರೆ ಹೆಚ್ಚಿನವರು ಮತ್ತೆ ದುಡಿಮೆಗೆ, ಸಂಸಾರಕ್ಕೆ ಮರಳಬಲ್ಲರು. ತಡ ಮಾಡಿದಷ್ಟೂ ಮರಳುವ ದಾರಿ ಉದ್ದವಾಗುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ಸುಮಾರು 2.3 ಕೋಟಿ ಜನರಿಗೆ ಈ ಕಾಯಿಲೆ ಇದೆ. ಅಂದರೆ ಸರಿಸುಮಾರು 300ರಿಂದ 350 ಜನರಿಗೆ ಒಬ್ಬರು. ಈ ಲೆಕ್ಕದಲ್ಲಿ 3,000 ಜನರಿರುವ ಊರಿನಲ್ಲಿ ಎಂಟು-ಹತ್ತು ಮಂದಿ ಇರಬಹುದು. ನಿಮ್ಹಾನ್ಸ್ 2015-16ರಲ್ಲಿ ಕೇರಳ, ತಮಿಳುನಾಡು ಸೇರಿದಂತೆ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ಇನ್ನೊಂದು ಕಹಿ ಸತ್ಯವನ್ನು ಹೊರಗೆಡವಿತು. ಸ್ಕಿಜೋಫ್ರೇನಿಯಾದಂಥ ತೀವ್ರ ಮನೋರೋಗ ಇರುವ ನಾಲ್ವರಲ್ಲಿ ಸುಮಾರು ಮೂವರಿಗೆ ಚಿಕಿತ್ಸೆಯೇ ಸಿಗುತ್ತಿರಲಿಲ್ಲ.

ಹೆಸರಿನ ಅರ್ಥವೇನು?

ಜರ್ಮನಿಯ ವೈದ್ಯ ಎಮಿಲ್ ಕ್ರೆಪೆಲಿನ್ 19ನೇ ಶತಮಾನದ ಕೊನೆಯಲ್ಲಿ ಈ ಕಾಯಿಲೆಯನ್ನು ಬೇರೆ ಮನೋರೋಗಗಳಿಂದ ಪ್ರತ್ಯೇಕಿಸಿ ವಿವರಿಸಿದರು. ಸ್ವಿಟ್ಜರ್ಲೆಂಡಿನ ಯೂಜೆನ್ ಬ್ಲಾಯ್ಲರ್ 1908ರಲ್ಲಿ ಇದಕ್ಕೆ ಸ್ಕಿಜೋಫ್ರೇನಿಯಾ ಎಂದು ಹೆಸರಿಟ್ಟರು. ಗ್ರೀಕ್ ಭಾಷೆಯಲ್ಲಿ ಒಡೆಯುವುದು, ಮನಸ್ಸು ಎಂಬ ಅರ್ಥದ ಎರಡು ಶಬ್ದಗಳಿಂದ ಹುಟ್ಟಿದ ಹೆಸರಿದು. ಕನ್ನಡದಲ್ಲಿ ಇಚ್ಛಿತ್ತ ವಿಕಲತೆ, ಛಿದ್ರಮನಸ್ಕತೆ ಎಂದು ಬರೆಯುವುದುಂಟು. ತಮಿಳಿನಲ್ಲಿ ಮನಚ್ಚಿದೈವು ಎನ್ನುತ್ತಾರೆ.

ಈ ಹೆಸರಿನಿಂದ ಒಂದು ತಪ್ಪು ತಿಳಿವಳಿಕೆಯೂ ಹಬ್ಬಿದೆ. ಸಿನಿಮಾಗಳಲ್ಲಿ ತೋರಿಸುವಂತೆ ಒಬ್ಬನೇ ಮನುಷ್ಯ ಇಬ್ಬರಾಗಿ ಬದಲಾಗುವುದು ಸ್ಕಿಜೋಫ್ರೇನಿಯಾ ಅಲ್ಲ. ಇಲ್ಲಿ ಒಡೆಯುವುದು ಯೋಚನೆ, ಭಾವನೆ, ನಡವಳಿಕೆಗಳ ನಡುವಿನ ಹೊಂದಾಣಿಕೆ. ಬುದ್ಧಿಮಾಂದ್ಯತೆಗೂ ಇದಕ್ಕೂ ಸಂಬಂಧವಿಲ್ಲ. ಅಮೆರಿಕದ ಗಣಿತಜ್ಞ ಜಾನ್ ನ್ಯಾಶ್ ಈ ಕಾಯಿಲೆಯೊಡನೆ ದಶಕಗಳ ಕಾಲ ಬದುಕಿದವರು. 1994ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿ ಪಡೆದವರಲ್ಲಿ ಅವರೂ ಒಬ್ಬರು.

ಲಕ್ಷಣಗಳು

ವೈದ್ಯರು ಇದರ ಲಕ್ಷಣಗಳನ್ನು ಮುಖ್ಯವಾಗಿ ಮೂರು ಗುಂಪುಗಳಾಗಿ ನೋಡುತ್ತಾರೆ.

ಮೊದಲನೆಯದು, ಇಲ್ಲದ್ದು ಇದೆಯೆಂದು ಅನ್ನಿಸುವುದು. ಸುತ್ತ ಯಾರೂ ಇಲ್ಲದಿದ್ದರೂ ರೋಗಿಗೆ ಮಾತು ಕೇಳಿಸುತ್ತದೆ. ಒಬ್ಬರೋ ಇಬ್ಬರೋ ತನ್ನ ಬಗ್ಗೆಯೇ ಮಾತಾಡಿಕೊಳ್ಳುತ್ತಾರೆ, ಬೈಯುತ್ತಾರೆ, ಹೀಗೆ ಮಾಡು ಹಾಗೆ ಮಾಡು ಎಂದು ಆಜ್ಞೆ ಮಾಡುತ್ತಾರೆ. ಆತ ತನ್ನಷ್ಟಕ್ಕೆ ಮಾತಾಡುವುದು, ನಗುವುದು, ಕಿವಿ ಮುಚ್ಚಿಕೊಳ್ಳುವುದು ಈ ದನಿಗಳಿಗೆ ಉತ್ತರವಾಗಿ. ಕೆಲವರಿಗೆ ಇಲ್ಲದ ಆಕಾರ ಕಾಣುವುದು, ಇಲ್ಲದ ವಾಸನೆ ಬರುವುದು ಉಂಟು. ಜತೆಗೆ ಎಷ್ಟು ತಿಳಿಹೇಳಿದರೂ ಅಲುಗಾಡದ ಸುಳ್ಳು ನಂಬಿಕೆಗಳು: ನೆರೆಯವರು ತನ್ನನ್ನು ಕೊಲ್ಲಲು ಹೊಂಚು ಹಾಕಿದ್ದಾರೆ, ಊಟದಲ್ಲಿ ವಿಷ ಬೆರೆಸಿದ್ದಾರೆ, ಟಿವಿಯಲ್ಲಿ ತನ್ನ ಸುದ್ದಿಯೇ ಬರುತ್ತಿದೆ, ಮೊಬೈಲ್ ಟವರ್‌ನಿಂದ ತನ್ನ ಯೋಚನೆಯನ್ನು ಕದಿಯುತ್ತಿದ್ದಾರೆ. ಮಾತು ಒಂದರಿಂದ ಇನ್ನೊಂದಕ್ಕೆ ಹಾರಿ ಕೇಳುವವರಿಗೆ ತಲೆಬುಡ ತಿಳಿಯದಂತಾಗುವುದೂ ಈ ಗುಂಪಿಗೇ ಸೇರಿದ್ದು.

ಎರಡನೆಯದು, ಇರಬೇಕಾದದ್ದು ಇಲ್ಲದಂತಾಗುವುದು. ಮಾತು ಕಡಿಮೆಯಾಗುತ್ತದೆ. ಮುಖದಲ್ಲಿ ಸಂತೋಷವೂ ಇಲ್ಲ, ದುಃಖವೂ ಇಲ್ಲ. ಸ್ನಾನ, ಬಟ್ಟೆ, ಊಟದ ಕಡೆ ಗಮನವಿಲ್ಲ. ತೋಟಕ್ಕೆ ಹೋಗು ಎಂದರೆ ಹೋಗುವುದಿಲ್ಲ, ಗೆಳೆಯರು ಬಂದರೆ ಹೊರಗೆ ಬರುವುದಿಲ್ಲ. ಮನೆಯವರಿಗೆ ಇದು ಸೋಮಾರಿತನವಾಗಿ, ಕೊಬ್ಬಾಗಿ ಕಾಣುತ್ತದೆ. ಗದ್ದಲವಿಲ್ಲದ ಈ ಲಕ್ಷಣಗಳೇ ಹೆಚ್ಚು ಕಾಲ ಉಳಿಯುತ್ತವೆ, ಕುಟುಂಬವನ್ನು ಹೆಚ್ಚು ದಣಿಸುತ್ತವೆ.

ಮೂರನೆಯದು, ಗಮನ, ನೆನಪು, ಲೆಕ್ಕಾಚಾರಗಳ ಶಕ್ತಿ ಕುಂದುವುದು. ಅಂಗಡಿಗೆ ಹೋದವರು ತರಬೇಕಾದ ಮೂರು ಸಾಮಾನಿನಲ್ಲಿ ಎರಡನ್ನು ಮರೆಯುತ್ತಾರೆ. ಓದಿದ್ದು ತಲೆಯಲ್ಲಿ ನಿಲ್ಲುವುದಿಲ್ಲ.

ಇವೆಲ್ಲವೂ ಎಲ್ಲರಲ್ಲೂ ಇರಬೇಕೆಂದಿಲ್ಲ. ತನಗೆ ಕಾಯಿಲೆ ಇದೆ ಎಂಬುದೇ ರೋಗಿಗೆ ತಿಳಿಯದಿರುವುದು ಮಾತ್ರ ಬಹುಪಾಲು ಜನರಲ್ಲಿ ಕಂಡುಬರುತ್ತದೆ. ಜ್ವರ ಬಂದವನು ತಾನಾಗಿ ವೈದ್ಯರ ಬಳಿ ಹೋಗುತ್ತಾನೆ. ಈ ಕಾಯಿಲೆಯಲ್ಲಿ ಇನ್ನೊಬ್ಬರು ಕರೆದೊಯ್ಯಬೇಕಾಗುತ್ತದೆ.

ಶುರುವಾಗುವ ವಯಸ್ಸು, ಮೊದಲ ಸುಳಿವುಗಳು

ಗಂಡಸರಲ್ಲಿ ಹೆಚ್ಚಾಗಿ ಹದಿನೆಂಟರಿಂದ ಇಪ್ಪತ್ತೈದರ ಆಸುಪಾಸಿನಲ್ಲಿ, ಹೆಂಗಸರಲ್ಲಿ ಅದಕ್ಕಿಂತ ಕೆಲವು ವರ್ಷ ತಡವಾಗಿ ಕಾಯಿಲೆ ಕಾಣಿಸಿಕೊಳ್ಳುತ್ತದೆ. ಹನ್ನೆರಡನೇ ತರಗತಿ, ಕಾಲೇಜು, ಮೊದಲ ನೌಕರಿ, ಮದುವೆಯ ವಯಸ್ಸು ಅದೇ. ಹೀಗಾಗಿ ಪರೀಕ್ಷೆಯ ಭಯ, ಪ್ರೇಮ ವೈಫಲ್ಯ, ಅತ್ತೆ ಮನೆಯ ಕಾಟ ಎಂದು ಕಾರಣ ಹುಡುಕುವುದರಲ್ಲೇ ದಿನ ಕಳೆಯುತ್ತದೆ.

ದನಿ ಕೇಳುವುದು ಶುರುವಾಗುವ ತಿಂಗಳುಗಳ ಮೊದಲೇ ಕೆಲವು ಬದಲಾವಣೆಗಳು ಕಾಣಬಹುದು. ರಾತ್ರಿ ನಿದ್ದೆ ಇಲ್ಲ. ಅಂಕಗಳು ಒಮ್ಮೆಲೇ ಇಳಿದಿವೆ. ಗೆಳೆತನ ಬಿಟ್ಟಿದ್ದಾನೆ. ಮನೆಯವರ ಮೇಲೇ ಅನುಮಾನ. ಕಿಟಕಿ ಬಾಗಿಲು ಭದ್ರಪಡಿಸುತ್ತಾನೆ. ಒಂದೆರಡು ಲಕ್ಷಣ ಕಂಡ ಮಾತ್ರಕ್ಕೆ ಸ್ಕಿಜೋಫ್ರೇನಿಯಾ ಎಂದು ತೀರ್ಮಾನಿಸಬೇಕಿಲ್ಲ. ಇವೆಲ್ಲ ಸೇರಿ ಕೆಲವು ವಾರ ಮುಂದುವರಿದರೆ ವೈದ್ಯರನ್ನು ಕಾಣುವುದೇ ಸರಿ.

ಯಾಕೆ ಬರುತ್ತದೆ?

ಯಾವುದೇ ಒಂದು ಕಾರಣದಿಂದ ಇದು ಬರುವುದಿಲ್ಲ. ವಂಶವಾಹಿನಿಯ ಪಾಲು ದೊಡ್ಡದು. ತಂದೆ ಅಥವಾ ತಾಯಿಗೆ ಕಾಯಿಲೆ ಇದ್ದರೆ ಮಕ್ಕಳಿಗೆ ಬರುವ ಸಾಧ್ಯತೆ ಸುಮಾರು ಶೇ. 10. ಅಂದರೆ ಹತ್ತರಲ್ಲಿ ಒಂಬತ್ತು ಮಕ್ಕಳಿಗೆ ಬರುವುದಿಲ್ಲ ಎಂಬುದನ್ನೂ ಗಮನಿಸಬೇಕು. ರೂಪದಲ್ಲೂ ವಂಶವಾಹಿಗಳಲ್ಲೂ ಒಂದೇ ಆಗಿರುವ ಅವಳಿಗಳಲ್ಲಿ ಒಬ್ಬರಿಗೆ ಬಂದರೆ ಇನ್ನೊಬ್ಬರಿಗೆ ಬರುವ ಸಾಧ್ಯತೆ ಅರ್ಧದಷ್ಟೇ. ಹಾಗಾಗಿ ಬೇರೆ ಕಾರಣಗಳೂ ಸೇರುತ್ತವೆ ಎಂಬುದು ಸ್ಪಷ್ಟ. ಗರ್ಭದಲ್ಲಿದ್ದಾಗಿನ ಅಥವಾ ಹೆರಿಗೆಯ ಹೊತ್ತಿನ ತೊಂದರೆಗಳು, ಎಳೆಯ ವಯಸ್ಸಿನ ತೀವ್ರ ಆಘಾತ, ಹದಿಹರೆಯದಲ್ಲಿ ಗಾಂಜಾ ಸೇವನೆ ಇವೆಲ್ಲ ಅಪಾಯವನ್ನು ಹೆಚ್ಚಿಸುತ್ತವೆ. ಮಿದುಳಿನಲ್ಲಿ ನರಕೋಶಗಳ ನಡುವೆ ಸುದ್ದಿ ಒಯ್ಯುವ ಡೋಪಮಿನ್ ಮೊದಲಾದ ರಾಸಾಯನಿಕಗಳ ಏರುಪೇರು ಲಕ್ಷಣಗಳಿಗೆ ಕಾರಣವಾಗುತ್ತದೆ.

ತಾಯಿ ಸರಿಯಾಗಿ ಬೆಳೆಸಲಿಲ್ಲ, ಹೆಂಡತಿಯ ಕಾಲ್ಗುಣ ಸರಿಯಿಲ್ಲ, ನಾಗದೋಷ, ಪಿತೃಶಾಪ ಎಂಬ ಮಾತುಗಳಿಗೆ ವೈದ್ಯವಿಜ್ಞಾನದಲ್ಲಿ ಆಧಾರವಿಲ್ಲ. ಇದು ಮುಟ್ಟಿದರೆ ಅಂಟುವ ರೋಗವೂ ಅಲ್ಲ.

ಮಾತೇ ಪರೀಕ್ಷೆ, ಮನೆಭಾಷೆಯೇ ಸಾಧನ

ಸ್ಕಿಜೋಫ್ರೇನಿಯಾವನ್ನು ತೋರಿಸಿಕೊಡುವ ರಕ್ತ ಪರೀಕ್ಷೆ ಇಲ್ಲ. ಎಕ್ಸ್‌ರೇ, ಸ್ಕ್ಯಾನಿಂಗ್‌ಗಳಲ್ಲೂ ಅದು ಕಾಣುವುದಿಲ್ಲ. ಥೈರಾಯ್ಡ್ ತೊಂದರೆ, ಮೂರ್ಛೆರೋಗ, ಮಿದುಳಿನ ಸೋಂಕು, ಮದ್ಯ ಅಥವಾ ಮಾದಕ ವಸ್ತುಗಳ ಪರಿಣಾಮ ಅಲ್ಲವೆಂದು ಖಚಿತಪಡಿಸಿಕೊಳ್ಳಲಷ್ಟೇ ಆ ಪರೀಕ್ಷೆಗಳು. ಕಾಯಿಲೆ ಗೊತ್ತಾಗುವುದು ರೋಗಿಯ ಮಾತು ಕೇಳಿ, ಮನೆಯವರು ಹೇಳಿದ್ದನ್ನು ಕೇಳಿ, ನಡವಳಿಕೆ ನೋಡಿ. ಮುಖ್ಯ ಲಕ್ಷಣಗಳು ಕನಿಷ್ಠ ಒಂದು ತಿಂಗಳು ಇವೆಯೇ ಎಂದು ವೈದ್ಯರು ವಿಚಾರಿಸುತ್ತಾರೆ.

ಗಡಿನಾಡಿನವರಿಗೆ ತೊಡಕು ಬರುವುದು ಇಲ್ಲಿಯೇ. ಸಂತೆಯಲ್ಲಿ ಮಲಯಾಳ, ಕಚೇರಿಯಲ್ಲಿ ಮರಾಠಿ, ಬಸ್ಸಿನಲ್ಲಿ ತೆಲುಗು ಅಥವಾ ತಮಿಳು ಸರಾಗವಾಗಿ ಆಡುವವರೂ ಮನಸ್ಸಿನ ಸಂಕಟ ಹೇಳುವಾಗ ಮನೆಮಾತಿಗೆ ಮರಳುತ್ತಾರೆ. ಆ ಮನೆಮಾತು ಕನ್ನಡ ಇರಬಹುದು. ಕಾಸರಗೋಡಿನಲ್ಲಿ ತುಳು ಅಥವಾ ಹವ್ಯಕ ಕನ್ನಡ, ನೀಲಗಿರಿಯಲ್ಲಿ ಬಡಗ ಇರಬಹುದು. ಉದಾಹರಣೆಗೆ, "ಕಿವಿಯಲ್ಲಿ ಗುಂಯ್ ಎನ್ನುತ್ತದೆ" ಎಂಬುದಕ್ಕೂ "ಕಿವಿಯಲ್ಲಿ ಯಾರೋ ಮಾತಾಡುತ್ತಾರೆ" ಎಂಬುದಕ್ಕೂ ಅಜಗಜಾಂತರವಿದೆ. ಮೊದಲನೆಯದು ಕಿವಿಯ ತೊಂದರೆ ಇರಬಹುದು, ಎರಡನೆಯದು ಈ ಕಾಯಿಲೆಯ ಲಕ್ಷಣ. ಜತೆಗೆ ಬಂದ ಭಾವನೋ ಚಿಕ್ಕಪ್ಪನೋ ಎರಡನ್ನೂ "ಕಿವಿಯಲ್ಲಿ ಸದ್ದು" ಎಂದು ಅನುವಾದಿಸಿದರೆ ವೈದ್ಯರು ದಾರಿ ತಪ್ಪುತ್ತಾರೆ. ನಾಚಿಕೆಯಿಂದ ಅರ್ಧ ಮಾತನ್ನು ನುಂಗುವುದೂ ನಡೆಯುತ್ತದೆ.

ಇದಕ್ಕೆ ಸುಲಭ ಉಪಾಯಗಳಿವೆ. ಆಸ್ಪತ್ರೆಗೆ ಹೊರಡುವ ಮೊದಲು ಮನೆಯಲ್ಲಿ ಕೂತು ಒಂದು ಹಾಳೆಯಲ್ಲಿ ಬರೆದುಕೊಳ್ಳಿ: ಬದಲಾವಣೆ ಯಾವ ತಿಂಗಳು ಶುರುವಾಯಿತು, ನಿದ್ದೆ ಊಟ ಹೇಗಿದೆ, ರೋಗಿ ಆಡಿದ ವಿಚಿತ್ರ ಮಾತುಗಳೇನು (ಆಡಿದ ಹಾಗೆಯೇ ಬರೆಯಬೇಕು), ಕುಡಿತ ಅಥವಾ ಗಾಂಜಾ ಇದೆಯೇ, ವಂಶದಲ್ಲಿ ಯಾರಿಗಾದರೂ ಹೀಗಾಗಿತ್ತೇ, ಇದುವರೆಗೆ ಯಾವ ಮಾತ್ರೆ ಕೊಟ್ಟಿದ್ದೀರಿ. ಜತೆಗೆ ಹೋಗುವವರು ರೋಗಿಯೊಡನೆ ಒಂದೇ ಮನೆಯಲ್ಲಿ ಇರುವವರಾಗಿರಲಿ. ಕನ್ನಡ ಬಲ್ಲ ವೈದ್ಯರು, ದಾದಿಯರು ಇದ್ದಾರೆಯೇ ಎಂದು ಕೇಳಲು ಸಂಕೋಚ ಬೇಡ. ಚಿಕಿತ್ಸೆಯ ಮಾಹಿತಿಯನ್ನು ರೋಗಿಗೆ ಅರ್ಥವಾಗುವ ಭಾಷೆಯಲ್ಲಿ ಕೊಡಬೇಕು ಎಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೇ ಹೇಳುತ್ತದೆ. ಇದು ಹಕ್ಕು, ಯಾರ ಉಪಕಾರವೂ ಅಲ್ಲ.

ಚಿಕಿತ್ಸೆ

1952ರವರೆಗೆ ಈ ಕಾಯಿಲೆಗೆ ನೆಚ್ಚಬಹುದಾದ ಔಷಧ ಇರಲಿಲ್ಲ. ಆ ವರ್ಷ ಪ್ಯಾರಿಸ್‌ನ ಸೇಂಟ್ ಆನ್ ಆಸ್ಪತ್ರೆಯಲ್ಲಿ ಝಾನ್ ದೆಲೇ ಮತ್ತು ಪಿಯೇರ್ ದೆನಿಕೆ ಎಂಬ ವೈದ್ಯರು ಕ್ಲೋರ್‌ಪ್ರೊಮಜಿನ್ ಬಳಸಿ ಯಶಸ್ಸು ಕಂಡರು. ಅದಕ್ಕೂ ಮೊದಲೇ, 1931ರಲ್ಲಿ, ಗಣನಾಥ ಸೇನ್ ಮತ್ತು ಕಾರ್ತಿಕ್ ಚಂದ್ರ ಬೋಸ್ ಎಂಬ ಭಾರತೀಯ ವೈದ್ಯರು ಸರ್ಪಗಂಧದ ಬೇರು ಉನ್ಮಾದವನ್ನೂ ರಕ್ತದೊತ್ತಡವನ್ನೂ ತಗ್ಗಿಸುತ್ತದೆ ಎಂದು ಬರೆದಿದ್ದರು. ಆ ಬೇರಿನಿಂದ ತೆಗೆದ ರಿಸರ್ಪಿನ್ 1950ರ ದಶಕದಲ್ಲಿ ಬಳಕೆಗೆ ಬಂದು, ಅಡ್ಡಪರಿಣಾಮಗಳಿಂದಾಗಿ ಹಿಂದೆ ಸರಿಯಿತು. ಆದ್ದರಿಂದ ಇಂದು ಯಾರೂ ಮನೆಯಲ್ಲಿ ಬೇರು ಅರೆದು ಕುಡಿಸಬಾರದು.

ಈಗ ಹ್ಯಾಲೊಪೆರಿಡಾಲ್, ರಿಸ್ಪೆರಿಡೋನ್, ಒಲಾಂಜಪಿನ್ ಮುಂತಾದ ಮಾತ್ರೆಗಳು ಹೆಚ್ಚು ಬಳಕೆಯಲ್ಲಿವೆ. ಇವು ಬರೀ ನಿದ್ದೆ ಮಾತ್ರೆಗಳಲ್ಲ. ಚಟ ಹಿಡಿಸುವಂಥವೂ ಅಲ್ಲ. ನಿದ್ದೆ, ಸಿಟ್ಟು ಕೆಲವೇ ದಿನಗಳಲ್ಲಿ ಹತೋಟಿಗೆ ಬರಬಹುದು. ದನಿಗಳು, ಅನುಮಾನಗಳು ತಗ್ಗಲು ಎರಡರಿಂದ ಆರು ವಾರ ಬೇಕಾಗುತ್ತದೆ. ನಾಲ್ಕು ದಿನ ನುಂಗಿ ಗುಣ ಕಾಣಲಿಲ್ಲ ಎಂದು ಬಿಡುವುದು ತಪ್ಪು.

ದಿನವೂ ಮಾತ್ರೆ ನುಂಗಲು ಒಪ್ಪದವರಿಗೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ ಕೊಡುವ ಚುಚ್ಚುಮದ್ದುಗಳಿವೆ. ಎರಡು ಬಗೆಯ ಔಷಧಗಳನ್ನು ಸರಿಯಾದ ಪ್ರಮಾಣದಲ್ಲಿ ಕೊಟ್ಟರೂ ಗುಣವಾಗದಿದ್ದರೆ ಕ್ಲೊಜಪಿನ್ ಎಂಬ ಔಷಧ ಹಲವರಿಗೆ ನೆರವಾಗುತ್ತದೆ. ಇದು ಬಿಳಿ ರಕ್ತಕಣಗಳನ್ನು ತಗ್ಗಿಸಬಲ್ಲದು. ಅದಕ್ಕಾಗಿ ನಿಯಮಿತ ರಕ್ತ ಪರೀಕ್ಷೆ ಬೇಕೇ ಬೇಕು. ಕ್ಲೊಜಪಿನ್ ತೆಗೆದುಕೊಳ್ಳುತ್ತಿರುವವರಿಗೆ ಜ್ವರ, ಗಂಟಲು ನೋವು ಬಂದರೆ ಕೂಡಲೇ ವೈದ್ಯರಿಗೆ ತಿಳಿಸಬೇಕು.

ವಿದ್ಯುತ್ ಚಿಕಿತ್ಸೆ ಎಂದರೆ ಜನ ಹೆದರುತ್ತಾರೆ. ಅರಿವಳಿಕೆ ಕೊಟ್ಟು, ಸ್ನಾಯುಗಳನ್ನು ಸಡಿಲಗೊಳಿಸಿ ಮಾಡುವ ಈ ಚಿಕಿತ್ಸೆ ಅನ್ನ ನೀರು ಬಿಟ್ಟು ಕಲ್ಲಿನಂತೆ ಕೂತವರಿಗೆ, ಆತ್ಮಹತ್ಯೆಯ ಅಪಾಯ ಇರುವವರಿಗೆ ಜೀವ ಉಳಿಸಬಲ್ಲದು. ಅರಿವಳಿಕೆ ಇಲ್ಲದೆ ಕೊಡುವುದನ್ನು ಕಾನೂನು ನಿಷೇಧಿಸಿದೆ.

ಅಡ್ಡಪರಿಣಾಮಗಳನ್ನು ಮುಚ್ಚಿಡಬಾರದು

ಕೈ ನಡುಕ, ಮೈ ಬಿಗಿತ, ಜೊಲ್ಲು ಸುರಿಯುವುದು, ತೂಕಡಿಕೆ, ಕೂತಲ್ಲಿ ಕೂರಲಾರದ ಚಡಪಡಿಕೆ, ಮುಟ್ಟು ತಪ್ಪುವುದು, ಮೈತೂಕ ಮತ್ತು ಸಕ್ಕರೆ ಅಂಶ ಏರುವುದು ಈ ಔಷಧಗಳ ಅಡ್ಡಪರಿಣಾಮಗಳು. ಕೆಲವರಿಗೆ ಶುರುವಿನ ದಿನಗಳಲ್ಲಿ ಕುತ್ತಿಗೆ ಒಂದು ಕಡೆ ತಿರುಚಿಕೊಳ್ಳುತ್ತದೆ, ಕಣ್ಣುಗುಡ್ಡೆ ಮೇಲೆ ಸಿಕ್ಕಿಕೊಳ್ಳುತ್ತದೆ. ಇದನ್ನು ಕಂಡು ದೆವ್ವ ಮತ್ತೆ ಬಂತು ಎಂದು ಗಾಬರಿಯಾಗುವವರಿದ್ದಾರೆ. ಆಸ್ಪತ್ರೆಯಲ್ಲಿ ಒಂದು ಚುಚ್ಚುಮದ್ದು ಕೊಟ್ಟರೆ ಬೇಗನೆ ಸರಿಹೋಗುವ ತೊಂದರೆ ಅದು. ಆದರೆ ಜೋರು ಜ್ವರದೊಂದಿಗೆ ಮೈ ಮರಗಟ್ಟಿದಂತಾಗಿ ಪ್ರಜ್ಞೆ ಮಂಕಾದರೆ ಅದು ಅಪಾಯದ ಸೂಚನೆ. ತಡಮಾಡದೆ ದೊಡ್ಡ ಆಸ್ಪತ್ರೆಗೆ ಒಯ್ಯಬೇಕು.

ಉಳಿದ ಅಡ್ಡಪರಿಣಾಮಗಳಿಗೆ ಪ್ರಮಾಣ ತಗ್ಗಿಸುವುದು, ಔಷಧ ಬದಲಿಸುವುದು ಹೀಗೆ ದಾರಿಗಳಿವೆ. ವೈದ್ಯರಿಗೆ ಹೇಳದೆ ಮಾತ್ರೆ ಬಿಟ್ಟುಬಿಡುವುದು ದಾರಿಯಲ್ಲ. ಗರ್ಭಿಣಿಯರೂ ತಾವಾಗಿ ನಿಲ್ಲಿಸದೆ ವೈದ್ಯರ ಸಲಹೆ ಕೇಳಬೇಕು. ಈ ಕಾಯಿಲೆ ಇರುವವರು ಹೃದ್ರೋಗ, ಸಕ್ಕರೆ ಕಾಯಿಲೆ, ಸೋಂಕುಗಳಿಂದಲೂ ಬೇಗ ಸಾಯುವುದುಂಟು. ತೂಕ, ರಕ್ತದೊತ್ತಡ, ಸಕ್ಕರೆ ಪರೀಕ್ಷೆ, ಬೀಡಿ ಸಿಗರೇಟು ಬಿಡಿಸುವುದು ಚಿಕಿತ್ಸೆಯದೇ ಭಾಗ.

ಎಷ್ಟು ದಿನ ಮಾತ್ರೆ?

ಎಲ್ಲರೂ ಕೇಳುವ ಪ್ರಶ್ನೆ ಇದು. ಮೊದಲ ಬಾರಿ ಕಾಯಿಲೆ ಬಂದವರು ಲಕ್ಷಣಗಳು ಪೂರ್ತಿ ಹೋದ ಮೇಲೂ ಕನಿಷ್ಠ ಒಂದೆರಡು ವರ್ಷ ಮುಂದುವರಿಸಬೇಕು. ಮರುಕಳಿಸಿದವರಿಗೆ ಇನ್ನೂ ಹೆಚ್ಚು ಕಾಲ, ಕೆಲವರಿಗೆ ಜೀವನಪರ್ಯಂತ ಬೇಕಾಗಬಹುದು. 65 ಪ್ರಯೋಗಗಳನ್ನು ಒಟ್ಟುಗೂಡಿಸಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆ 2012ರಲ್ಲಿ ಪ್ರಕಟಿಸಿದ ವಿಶ್ಲೇಷಣೆ ಕಣ್ಣು ತೆರೆಸುವಂತಿದೆ. ಒಂದು ವರ್ಷದೊಳಗೆ ಕಾಯಿಲೆ ಮರುಕಳಿಸಿದ್ದು ಔಷಧ ಮುಂದುವರಿಸಿದವರಲ್ಲಿ ಶೇ. 27, ಔಷಧವಿಲ್ಲದ ಹುಸಿ ಮಾತ್ರೆ ಪಡೆದವರಲ್ಲಿ ಶೇ. 64.

ಗುಣವಾಗಿದೆ, ಇನ್ನೇಕೆ ಮಾತ್ರೆ ಎಂದು ಬಿಡುವುದೇ ಮರುಕಳಿಸಲು ದೊಡ್ಡ ಕಾರಣ. ಅಡಕೆ ಕೊಯ್ಲು, ಕಬ್ಬು ಕಡಿಯುವ ಹಂಗಾಮು, ಜಾತ್ರೆ, ಮದುವೆ ಎಂದು ಊರು ಬಿಟ್ಟು ಹೋಗುವಾಗ ಮಾತ್ರೆ ಚೀಟಿ ಮನೆಯಲ್ಲೇ ಉಳಿಯುವುದುಂಟು. ಔಷಧದ ಹೆಸರು ಕೇರಳದಲ್ಲೂ ಮಹಾರಾಷ್ಟ್ರದಲ್ಲೂ ಕರ್ನಾಟಕದಲ್ಲೂ ಒಂದೇ. ಚೀಟಿಯ ಫೋಟೊ ಮೊಬೈಲ್‌ನಲ್ಲಿ ಇಟ್ಟುಕೊಂಡರೆ ಯಾವ ರಾಜ್ಯದ ವೈದ್ಯರಿಗೂ ತೋರಿಸಬಹುದು.

ಮನೆಯವರ ಪಾತ್ರ

ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ 1950ರ ದಶಕದಲ್ಲಿ ಡಾ. ವಿದ್ಯಾಸಾಗರ್ ಎಂಬ ವೈದ್ಯರು ಹೊಸದೊಂದು ಕ್ರಮ ತಂದರು. ಆಸ್ಪತ್ರೆಯ ಆವರಣದಲ್ಲಿ ಡೇರೆ ಹಾಕಿಸಿ ರೋಗಿಯ ಜತೆ ಮನೆಯವರನ್ನೂ ಇರಿಸಿಕೊಂಡರು. ಕುಟುಂಬ ಜತೆಗಿದ್ದ ರೋಗಿಗಳು ಬೇಗ ಚೇತರಿಸಿ ಮನೆಗೆ ಮರಳಿದರು. ಮುಂದೆ ನಿಮ್ಹಾನ್ಸ್ ಮೊದಲಾದ ಕಡೆಗಳಲ್ಲಿ ಕುಟುಂಬ ವಾರ್ಡುಗಳು ಬಂದವು.

ಮನೆಯವರು ಮಾಡಬೇಕಾದದ್ದು ಕಷ್ಟದ್ದಲ್ಲ, ಆದರೆ ತಾಳ್ಮೆಯದು. ರೋಗಿಯ ಸುಳ್ಳು ನಂಬಿಕೆಯನ್ನು ವಾದ ಮಾಡಿ ಗೆಲ್ಲಲಾಗದು. ಹೌದು ಎಂದು ತಲೆಯಾಡಿಸುವುದೂ ಬೇಡ. "ನಿನಗೆ ಹಾಗೆ ಕೇಳಿಸುತ್ತದೆ, ಭಯವಾಗುತ್ತದೆ, ನಾವಿದ್ದೇವೆ" ಎಂದರೆ ಸಾಕು. ನಿತ್ಯ ಬೈಗುಳ, ಟೀಕೆ, ಜಗಳ ಇರುವ ಮನೆಗಳಲ್ಲಿ ಕಾಯಿಲೆ ಹೆಚ್ಚು ಮರುಕಳಿಸುತ್ತದೆ ಎಂಬುದನ್ನು ಹಲವು ಅಧ್ಯಯನಗಳು ತೋರಿಸಿವೆ. ಹಸುವಿಗೆ ಹುಲ್ಲು ಹಾಕುವುದು, ಹೂ ಕಟ್ಟುವುದು, ಅಂಗಡಿಯಲ್ಲಿ ಪೊಟ್ಟಣ ಕಟ್ಟುವುದು ಹೀಗೆ ಸಣ್ಣ ಕೆಲಸದಿಂದ ಆರಂಭಿಸಿ ನಿಧಾನ ಹೆಚ್ಚಿಸಬೇಕು. ಮಾತ್ರೆಯನ್ನು ಊಟದಲ್ಲಿ ಕದ್ದು ಬೆರೆಸುವುದು ಅಪಾಯಕಾರಿ. ಒಮ್ಮೆ ಗೊತ್ತಾದರೆ ಅನ್ನದಲ್ಲಿ ವಿಷ ಹಾಕಿದ್ದಾರೆ ಎಂಬ ಅನುಮಾನಕ್ಕೆ ಸಾಕ್ಷಿಯೇ ಸಿಕ್ಕಂತೆ.

ನೋಡಿಕೊಳ್ಳುವವರ ಆರೋಗ್ಯವೂ ಮುಖ್ಯ. ಭಾರವೆಲ್ಲ ಒಬ್ಬ ತಾಯಿಯ, ಒಬ್ಬ ಹೆಂಡತಿಯ ತಲೆಯ ಮೇಲೆ ಬೀಳದಂತೆ ಅಣ್ಣತಮ್ಮಂದಿರು ಸರದಿ ಹಂಚಿಕೊಳ್ಳಬೇಕು. ತರಬೇತಿ ಪಡೆದ ಸ್ಥಳೀಯರು ಮನೆಗೇ ಬಂದು ನೆರವಾದರೆ ಬರೀ ಆಸ್ಪತ್ರೆ ಚಿಕಿತ್ಸೆಗಿಂತ ಸ್ವಲ್ಪ ಹೆಚ್ಚು ಫಲ ಸಿಗುತ್ತದೆ ಎಂಬುದನ್ನು ಗೋವಾ, ಮಹಾರಾಷ್ಟ್ರದ ಸಾತಾರಾ ಮತ್ತು ತಮಿಳುನಾಡಿನಲ್ಲಿ 282 ರೋಗಿಗಳ ಮೇಲೆ ನಡೆಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿದೆ.

ಹರಕೆ, ಮದುವೆ, ಸರಪಳಿ

ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂಬ ಗಾದೆ ಎಲ್ಲರಿಗೂ ಗೊತ್ತು. ಗಾದೆಯ ಎರಡನೆಯ ಅರ್ಧವನ್ನು ನಂಬಿ ಕಾಯಿಲೆ ಮುಚ್ಚಿಟ್ಟು ಮದುವೆ ಮಾಡಿಸಿದರೆ ಎರಡು ಮನೆಗಳು ಕೆಡುತ್ತವೆ. ಮದುವೆ ಈ ಕಾಯಿಲೆಗೆ ಔಷಧವಲ್ಲ. ಚಿಕಿತ್ಸೆಯಿಂದ ಸ್ಥಿರವಾಗಿರುವವರು ಎದುರಿನವರಿಗೆ ವಿಷಯ ತಿಳಿಸಿ ಮದುವೆಯಾಗಿ ಬಾಳುತ್ತಿರುವುದೂ ಉಂಟು. ಮದುಮಗಳು ಮನೆ ಬದಲಾಯಿಸುವಾಗ, ಹೊಸಬರಿಗೆ ತಿಳಿಯಬಾರದೆಂದು ಮಾತ್ರೆ ಬಿಡಿಸುವುದಂತೂ ಅನ್ಯಾಯ.

ದೇವರಿಗೆ ಹರಕೆ ಹೊರಬೇಡಿ ಎಂದು ಯಾವ ವೈದ್ಯರೂ ಹೇಳುವುದಿಲ್ಲ. ನಂಬಿಕೆ ಮನೆಯವರಿಗೆ ಧೈರ್ಯ ಕೊಡುತ್ತದೆ. ಹರಕೆಯ ಹೆಸರಿನಲ್ಲಿ ಮಾತ್ರೆ ನಿಲ್ಲಿಸುವುದು, ಹೊಡೆಯುವುದು, ಉಪವಾಸ ಕೆಡವುದು, ಕಟ್ಟಿಹಾಕುವುದು ಮಾತ್ರ ಸಲ್ಲದು. 2001ರ ಆಗಸ್ಟ್ 6ರ ನಸುಕಿನಲ್ಲಿ ತಮಿಳುನಾಡಿನ ರಾಮನಾಥಪುರಂ ಜಿಲ್ಲೆಯ ಏರ್ವಾಡಿಯಲ್ಲಿ, ದರ್ಗಾಕ್ಕೆ ಬರುವ ಮನೋರೋಗಿಗಳನ್ನು ಇಟ್ಟುಕೊಳ್ಳುತ್ತಿದ್ದ ಖಾಸಗಿ ಗುಡಿಸಲೊಂದಕ್ಕೆ ಬೆಂಕಿ ಬಿತ್ತು. ಸರಪಳಿಯಲ್ಲಿ ಬಿಗಿದಿದ್ದ ಕಾರಣ ಓಡಲಾಗದೆ 28 ಮಂದಿ ಸುಟ್ಟು ಸತ್ತರು. ಅವರನ್ನು ಅಲ್ಲಿಗೆ ತಂದು ಬಿಟ್ಟವರು ಬೇರೆ ಯಾರೂ ಅಲ್ಲ, ಬೇರೆ ದಾರಿ ಕಾಣದ ಮನೆಯವರೇ. ರೋಗಿಯನ್ನು ಸರಪಳಿಯಲ್ಲಿ ಬಂಧಿಸುವುದನ್ನು 2017ರ ಕಾಯ್ದೆ ಸ್ಪಷ್ಟವಾಗಿ ನಿಷೇಧಿಸಿದೆ.

ಇಂಥವರೆಲ್ಲ ಹೊಡೆಯುತ್ತಾರೆ, ಕೊಲ್ಲುತ್ತಾರೆ ಎಂಬ ಭಯವೂ ಸರಿಯಲ್ಲ. ಬಹುಪಾಲು ರೋಗಿಗಳು ಯಾರಿಗೂ ಕೇಡು ಮಾಡುವವರಲ್ಲ. ಬೀದಿಯಲ್ಲಿ ಕಲ್ಲು ತಿನ್ನುವವರೇ ಅವರು.

ತುರ್ತು ಸಂದರ್ಭ

ಸಾಯುವ ಮಾತಾಡುವುದು, ದನಿಗಳು ಸಾಯಲು ಅಥವಾ ಯಾರನ್ನಾದರೂ ಹೊಡೆಯಲು ಹೇಳುತ್ತಿವೆ ಎನ್ನುವುದು, ಎರಡು ದಿನ ಅನ್ನ ನೀರು ಮುಟ್ಟದಿರುವುದು, ತೀವ್ರ ಕೆರಳುವಿಕೆ ಕಂಡರೆ ಮುಂದಿನ ಸೋಮವಾರ, ಅಮಾವಾಸ್ಯೆ ಎಂದು ಕಾಯಬಾರದು. ಈ ಕಾಯಿಲೆ ಇರುವವರಲ್ಲಿ ಸುಮಾರು ಶೇ. 5ರಷ್ಟು ಜನ ಆತ್ಮಹತ್ಯೆಯಿಂದ ಸಾಯುತ್ತಾರೆ. ತೋಟದ ಕೀಟನಾಶಕ, ಹಗ್ಗ, ಕತ್ತಿ ಕೈಗೆ ಸಿಗದಂತೆ ಇಟ್ಟು, ಒಬ್ಬರು ಜತೆಗಿದ್ದು, ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಬೇಕು.

ಎಲ್ಲಿ ಹೋಗಬೇಕು?

ಮೊದಲ ಮೆಟ್ಟಿಲು ತಮ್ಮದೇ ಜಿಲ್ಲೆಯ ಆಸ್ಪತ್ರೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಡಿ ಮನೋವೈದ್ಯರ ಸೇವೆ, ಔಷಧ ಅಲ್ಲಿ ಉಚಿತವಾಗಿ ಸಿಗುತ್ತದೆ. 1996ರಲ್ಲಿ ಶುರುವಾದ ಈ ಕಾರ್ಯಕ್ರಮದ ಬೇರು ಇರುವುದು ಗಡಿಯಲ್ಲೇ. ನಿಮ್ಹಾನ್ಸ್ 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ಕೊಟ್ಟು ಹಳ್ಳಿಯಲ್ಲೇ ಚಿಕಿತ್ಸೆ ಸಿಗುವಂತೆ ಮಾಡಿತು. ಆ ‘ಬಳ್ಳಾರಿ ಮಾದರಿ’ಯೇ ಮುಂದೆ ದೇಶಕ್ಕೆ ಹಬ್ಬಿತು. 1953ರವರೆಗೆ ಅದೇ ಬಳ್ಳಾರಿ ಜಿಲ್ಲೆಯ ಭಾಗವಾಗಿದ್ದ ಆದೋನಿ, ಆಲೂರು, ರಾಯದುರ್ಗದವರಿಗೆ ಬಳ್ಳಾರಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಇಂದಿಗೂ ಹತ್ತಿರ. ತಮ್ಮ ರಾಜ್ಯದಲ್ಲೇ ಆದರೆ ಕರ್ನೂಲು, ಅನಂತಪುರದ ಸರ್ಕಾರಿ ಆಸ್ಪತ್ರೆಗಳಿವೆ.

ಕಾಸರಗೋಡಿನವರಿಗೆ ಮಂಗಳೂರಿನ ಆಸ್ಪತ್ರೆಗಳು ಕನ್ನಡ, ತುಳು ಎರಡರಲ್ಲೂ ಅನುಕೂಲ. ಕೇರಳದ ಕಡೆ ಕೋಯಿಕ್ಕೋಡಿನ ಕುದಿರವಟ್ಟಂ ಸರ್ಕಾರಿ ಮಾನಸಿಕ ಆರೋಗ್ಯ ಕೇಂದ್ರವಿದ್ದು, ವಯನಾಡಿನವರಿಗೂ ಅದು ಹತ್ತಿರ. ತಾಳವಾಡಿಯವರಿಗೆ ಚಾಮರಾಜನಗರ, ಹೊಸೂರು, ಮಡಕಶಿರಾದವರಿಗೆ ಬೆಂಗಳೂರಿನ ನಿಮ್ಹಾನ್ಸ್ ಅನುಕೂಲ. ಸೊಲ್ಲಾಪುರ, ಅಕ್ಕಲಕೋಟೆಯವರು ಸೊಲ್ಲಾಪುರದ, ಜತ್ತದವರು ಮೀರಜ್‌ನ ಸರ್ಕಾರಿ ವೈದ್ಯಕೀಯ ಕಾಲೇಜಿಗೆ ಹೋಗಬಹುದು. ಕನ್ನಡದಲ್ಲೇ ಮಾತಾಡಬೇಕೆಂದರೆ ಧಾರವಾಡದ ಡಿಮ್ಹಾನ್ಸ್ ಇದೆ. ಪಶ್ಚಿಮ ತೆಲಂಗಾಣದವರಿಗೆ ಹೈದರಾಬಾದಿನ ಎರ್ರಗಡ್ಡ ಆಸ್ಪತ್ರೆ, ಗೋವಾದವರಿಗೆ ಬಾಂಬೋಳಿಯ ಮನೋವೈದ್ಯ ಸಂಸ್ಥೆ ಇವೆ.

ಹೊರಡುವ ಮೊದಲು ಫೋನಿನಲ್ಲಿ ಸಲಹೆ ಬೇಕಿದ್ದರೆ ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416. 2022ರ ಅಕ್ಟೋಬರ್ 10ರಂದು ಶುರುವಾದ ಇದು ಉಚಿತ. 24 ಗಂಟೆಯೂ ಲಭ್ಯ. ಭಾಷೆಗಳ ಪಟ್ಟಿಯಲ್ಲಿ ಕನ್ನಡವೂ ಇದೆ.

ಕಾನೂನು, ಸೌಲಭ್ಯ

2018ರಿಂದ ಜಾರಿಯಲ್ಲಿರುವ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಂತೆ ಸರ್ಕಾರಿ ಚಿಕಿತ್ಸೆ ಪಡೆಯುವುದು ಪ್ರತಿಯೊಬ್ಬರ ಹಕ್ಕು. ಕಾಯಿಲೆಯ ವಿಷಯ ಗುಟ್ಟಾಗಿರಬೇಕು. ಮುಂದೆ ತನಗೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ, ತನ್ನ ಪರವಾಗಿ ಯಾರು ನಿರ್ಧರಿಸಬೇಕು ಎಂದು ರೋಗಿಯೇ ಮೊದಲೇ ಬರೆದಿಡಬಹುದು. ದೇಹದ ಕಾಯಿಲೆಗಳಂತೆ ಮನಸ್ಸಿನ ಕಾಯಿಲೆಗೂ ವಿಮಾ ಕಂಪನಿಗಳು ರಕ್ಷಣೆ ಕೊಡಬೇಕು.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಮನೋರೋಗವೂ ಸೇರಿದೆ. ವೈಕಲ್ಯ ಶೇ. 40 ಅಥವಾ ಹೆಚ್ಚು ಎಂದು ಸರ್ಕಾರಿ ವೈದ್ಯರು ಪ್ರಮಾಣೀಕರಿಸಿದರೆ ಸೌಲಭ್ಯಗಳಿಗೆ ಅರ್ಜಿ ಹಾಕಬಹುದು. ಯುಡಿಐಡಿ ಗುರುತಿನ ಚೀಟಿ ದೇಶದೆಲ್ಲೆಡೆ ನಡೆಯುತ್ತದೆ. ಮಾಸಾಶನ ಮಾತ್ರ ಆಯಾ ರಾಜ್ಯದ್ದು. ಹೀಗಾಗಿ ಚಿಕಿತ್ಸೆ ಗಡಿಯಾಚೆ ಪಡೆದರೂ ಅರ್ಜಿಯನ್ನು ರೇಷನ್ ಕಾರ್ಡ್ ಇರುವ ರಾಜ್ಯದಲ್ಲೇ ಕೊಡಬೇಕಾಗುತ್ತದೆ.

ಸ್ಕಿಜೋಫ್ರೇನಿಯಾ ಇರುವ ಮೂವರಲ್ಲಿ ಒಬ್ಬರಾದರೂ ಪೂರ್ತಿ ಚೇತರಿಸಿಕೊಳ್ಳಬಲ್ಲರು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಉಳಿದವರಲ್ಲೂ ಅನೇಕರು ಚಿಕಿತ್ಸೆಯ ನೆರವಿನಿಂದ ತಮ್ಮ ಕೆಲಸ ತಾವು ಮಾಡಿಕೊಂಡು ಮನೆಯವರ ನಡುವೆ ಬದುಕಬಲ್ಲರು. ಅದಕ್ಕೆ ಬೇಕಾದದ್ದು ಮೂರು: ಲಕ್ಷಣ ಕಂಡ ಮೊದಲ ತಿಂಗಳಲ್ಲೇ ಆಸ್ಪತ್ರೆ, ಮನೆಭಾಷೆಯಲ್ಲಿ ಬಿಚ್ಚುಮಾತು, ಗುಣ ಕಂಡ ಮೇಲೂ ನಿಲ್ಲದ ಮಾತ್ರೆ.